ಹೇಗೆ ಬಿದ್ದಿರಿ

ಕಾರವಾರದ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ
ಹತ್ತೊಂಬತ್ತು ವರ್ಷದಿಂದ ಕೇಳುತ್ತಿದ್ದೇನೆ:
ಹೇಗೆ ಬಿದ್ದಿರಿ?
ಜಾರ್ತು, ಬಿದ್ದೆ, ಅಷ್ಟೇಯ.
ಎಲ್ಲರದೂ ಅದೇ ಉತ್ತರ.

ಬಿದ್ದವರಿಗೆ ಬಿದ್ದದ್ದು ಗೊತ್ತಿರುವುದಿಲ್ಲ.
ಕಾಲು ತಪ್ಪಿದ್ದು ನೆನಪಿದೆ, ನೆಲ ನೆನಪಿದೆ.
ನಡುವಿನ ಅರೆಗಳಿಗೆಯನ್ನು
ಮೈ ಮಾತ್ರ ಕಂಡು, ತನ್ನಲ್ಲೇ ಇಟ್ಟುಕೊಂಡಿದೆ.
ಅದನ್ನು ಕಪ್ಪು ಹಾಳೆಯ ಮೇಲೆ
ಬಿಳಿಯಲ್ಲಿ ಬರೆಸಿಕೊಳ್ಳುವುದು ನನ್ನ ಕೆಲಸ.

ಮುಂದಕ್ಕೆ ಬಿದ್ದವರ ಮಣಿಕಟ್ಟು ಮುರಿದಿರುತ್ತದೆ:
ತಲೆಗೆ ಸುದ್ದಿ ಮುಟ್ಟುವ ಮೊದಲೇ
ಅಂಗೈ ನೆಲಕ್ಕೆ ಓಡಿರುತ್ತದೆ,
ಎಡವಿದ ಮಗುವನ್ನು ಹಿಡಿಯಲು ಓಡುವ ಹಾಗೆ.
ಹಿಂದಕ್ಕೆ ಬಿದ್ದವರು ಕೂರಲಾರರು;
ನಿಂತೇ ಹೆಸರು ಬರೆಸುತ್ತಾರೆ,
ನಗು ತಡೆದು ನಾನು ಕುರ್ಚಿ ಸರಿಸುತ್ತೇನೆ.
ಕೋಡಿಬಾಗದ ಪುರ್ಸು, ಮೂಗಿನ ಮಟ್ಟ ಕುಡಿದವ,
ಎರಡಾಳೆತ್ತರದ ಧಕ್ಕೆಯಿಂದ ಖಾಲಿ ದೋಣಿಗೆ ಬಿದ್ದು
ಒದ್ದೆ ಬಲೆಯಂತೆ ಮಡಚಿಕೊಂಡಿದ್ದನಂತೆ. ಎಲ್ಲೂ ಬಿರುಕಿಲ್ಲ.
ಎದುರಾಡದ ಮೈಗೆ ನೆಲವೂ ಸ್ವಲ್ಪ ಸಡಿಲ.

ಬೈತಖೋಲದ ಶೇವಂತಿ ತಾಂಡೇಲಳನ್ನು ತಂದಾಗ
ಸ್ಟ್ರೆಚರ್ ತುಂಬ ಬಂಗಡೆ ವಾಸನೆ.
ಬಂದರಿನ ಮೆಟ್ಟಿಲು, ಕರಗಿದ ಐಸು, ಮೀನಿನ ಲೋಳೆ.
ಮಣಿಕಟ್ಟು ನೋಡಿದೆ, ಗೀರೂ ಇಲ್ಲ.
ತೊಡೆಯೆಲುಬಿನ ಕತ್ತು ಮಾತ್ರ ಮುರಿದಿತ್ತು.
ಕೈ ಯಾಕೆ ಊರಲಿಲ್ಲ ಬಾಯಿ?
ಪೆದ್ದನನ್ನು ನೋಡುವಂತೆ ನೋಡಿದಳು:
ತಲೆ ಮೇಲೆ ಬುಟ್ಟಿ ಇತ್ತಲ್ಲ,
ಬೀಳೂಕೆ ಕೈ ಎಲ್ಲಿತ್ತು?
ಹನ್ನೊಂದೇ ಬಂಗಡೆ ಚೆಲ್ಲಿತ್ತಂತೆ.

ಅದೇ ಸಂಜೆ ಇನ್ನೊಬ್ಬಳು.
ಹೆಸರು ಬರೆಯುವುದಿಲ್ಲ.
ಬಚ್ಚಲಲ್ಲಿ ಬಿದ್ದಳು, ಎಂದ ಜೊತೆಗೆ ಬಂದವ,
ನಾನು ಕೇಳುವ ಮೊದಲೇ.
ಮುಂಗೈಯಲ್ಲಿ, ಕಿರುಬೆರಳ ಬದಿಯ ಎಲುಬು,
ನಟ್ಟನಡುವೆ ಎರಡು.
ಬೀಳುವ ಕೈ ಕೆಳಗೆ ಚಾಚುತ್ತದೆ.
ಇದು ಮೇಲೆತ್ತಿದ ಕೈ,
ಮುಖದ ಮುಂದೆ ಅಡ್ಡ ಹಿಡಿದ ಕೈ.

ಅವನನ್ನು ಹೊರಗಿಡಲು ನನ್ನಲ್ಲೊಂದು ನೆಪವಿದೆ,
ಸರಕಾರವೇ ಕೊಟ್ಟದ್ದು: ಬಾಗಿಲ ಮೇಲಿನ ಕೆಂಪು ದೀಪ.
ಇನ್ನೊಂದು ತೆಗೀಬೇಕು, ಎಂದೆ. ಹಚ್ಚಿದೆ.
ಸೀಸದ ಏಪ್ರನ್ ಬಿಚ್ಚಿ ಸ್ಟೂಲಿನ ಮೇಲೆ ಕೂತೆ.
ಮಷಿನ್ ಆಫ್ ಇತ್ತು.
ಹೇಗೆ ಬಿದ್ದಿರಿ ಎಂದು ಕೇಳಲಿಲ್ಲ.
ಕಡಲಿನ ಸದ್ದು ಆ ಕೋಣೆಗೆ ಬರುವುದಿಲ್ಲ, ಗೋಡೆ ದಪ್ಪ.
ಹೊರಗೆ ಅವನು ಎರಡು ಸಲ ಬಡಿದ.
ದೀಪ ಉರಿಯುತ್ತಲೇ ಇತ್ತು.
ಅವಳು ಕೈಯನ್ನು ನಿಧಾನ, ಬಹಳ ನಿಧಾನ ಇಳಿಸಿ
ಮೇಜಿನ ಮೇಲಿಟ್ಟಳು.