ಕಿಟಕಿಯ ಆರು ಸಾವಿರ

ದಸರಾ ರಜೆ. ಗೋವೆಯಿಂದ ಹಡಗು, ಎರಡು ರಾತ್ರಿ.
ಅಂಕುಶನ ಗಣಿತದ ಪಟ್ಟಿಯ ಕೊನೆಯ ಹಾಳೆಯಲ್ಲಿ
ಕೂಡಿ ಕಳೆಯುತ್ತೇನೆ.
ಅವನಿಗೆ ಹನ್ನೆರಡು ತುಂಬಲು
ಒಂಬತ್ತು ದಿನ ಬಾಕಿ: ಅರ್ಧ ದರ.
ಉಸಿರು ಬಂತು.

ಕಿಟಕಿಯಿರುವ ಕೋಣೆಗೆ ಆರು ಸಾವಿರ ಹೆಚ್ಚು.
"ಕಿಟಕಿ ಇಲ್ದಿದ್ರೆ ಸಮುದ್ರದಲ್ಲಿದ್ದೇವೆ ಅಂತ
ಹೇಗೆ ಗೊತ್ತಾಗ್ತದೆ?"
ಮಾನ್ಯಾ ಪೆನ್ಸಿಲ್ ಕಚ್ಚುತ್ತಾಳೆ.

ಹಿತ್ತಿಲಲ್ಲಿ ಬಂಗಡೆ ಕೊಯ್ಯುತ್ತ ಅತ್ತೆ:
"ಬಲೆ ಒಯ್ಯೂದಿಲ್ಲ?"
ಇಲ್ಲ.
"ಮತ್ತೆಂತ ತರ್ತೀರಿ?"

ಬೈತಖೋಲದಿಂದ ನಲವತ್ತು ವರ್ಷ
ಮಾವ ಕಡಲಿಗೆ ಹೋದರು.
ಇವರು ಬುಟ್ಟಿ ಹಿಡಿದು ಮೊಣಕಾಲುದ್ದ ನೀರಿನವರೆಗೆ,
ಅಷ್ಟೇ.

ಆರು ಸಾವಿರ ಅಳಿಸಿ
ನಾಲ್ಕು ಜನವನ್ನು ಐದು ಮಾಡುತ್ತೇನೆ.
ರಬ್ಬರಿಗೆ ಹಾಳೆ ಹರಿಯಿತು.

ಕೈ ತೊಳೆದು ಬಂದ ಅತ್ತೆ
ವಾಂತಿಗೆ ಇರಲಿ ಅಂತ
ನಿಂಬೆಹಣ್ಣು ಎಣಿಸಿ ಮೇಜಿನ ಮೇಲಿಡುತ್ತಾರೆ.
ನಾಲ್ಕೇ.