ಬಚ್ಚಲದಾಗ ಜಾರಿ

ರಾತ್ರಿ ಎರಡೂವರಿ. ಗುಳೇದಗುಡ್ಡದ ಸರ್ಕಾರಿ ದವಾಖಾನಿ.
ಹುಬ್ಬಿಗೆ ನಾಕು ಹೊಲಿಗಿ ಹಾಕಿ
ರಿಜಿಸ್ಟರ್ ತಗದು ಕೂತೆ.

ಹೆಸರು: ಬನಶಂಕ್ರವ್ವ.
ಗಂಡನ ಹೆಸರು: ನಾ ಕೇಳೂದಕಿಂತ ಮೊದಲ ಕಾಲಂ ಕೇಳತೈತಿ.
ಉದ್ಯೋಗ: "ಮನ್ಯಾಗ ಇರತಾಳ್ರಿ,"
ಅಂದ್ಲು ಅತ್ತಿ, ಬಾಗಲದಾಗ ನಿಂತು.
ಕೈ ನೋಡಿದೆ. ಹೆಬ್ಬಟ್ಟಿನ ಸಂದಿಯೊಳಗ
ಎಳಿ ಕೊರದ ಗೀರು, ಬಣ್ಣ ಕುಂತ ಉಗುರು.
ಖಣದ ಮಗ್ಗದಾಗ ಲಾಳಿ ಓಡೂದು
ಈಕಿ ಸುತ್ತಿದ ಕಂಡಿಕಿ ಮ್ಯಾಲೆ,
ಸಾವಕಾರನ ವಹಿಯೊಳಗ ಮಜೂರಿ ಓಡೂದು
ಈಕಿ ಗಂಡನ ಹೆಸರಿನ ಮ್ಯಾಲೆ.
ನಾನೂ ಬರದೆ: ಮನಿಗೆಲಸ.

ಪೆಟ್ಟಿನ ಕಾರಣ?
"ಬಚ್ಚಲದಾಗ ಜಾರಿ ಬಿದ್ದೆ."

ಹೋದ ಶ್ರಾವಣದಾಗ ಲಸಿಕಿ ಹಾಕಾಕ ಆ ಓಣಿಗೆ ಹೋಗಿದ್ದೆ.
ಒಂದ ಅಂಕಣದ ಮನಿ, ಅರ್ಧಾ ಮಗ್ಗದ ಕುಣಿ ನುಂಗಿತ್ತು.
ಉಳದ ಅರ್ಧದಾಗ ಒಲಿ, ತೊಟ್ಟಿಲಾ, ಐದು ಮಂದಿ.
ಹೆಂಗಸರ ಜಳಕಾ ಹಿತ್ತಲದಾಗ,
ಎರಡು ಹಳೇ ಸೀರಿ ಮರೀಗೆ ಕಟ್ಟಿ, ನಸುಕಿನ್ಯಾಗ.

ಇಲ್ಲದ ಬಚ್ಚಲದಾಗ ಈ ವರ್ಷ ಮೂರನೇ ಸಲ ಜಾರಿದ್ದು.
ಹೂವು ಮಾರೂ ಖೈರುನ್ನಿಸಾ ಜಾರಿದ್ಲು,
ಟೈಲ್ಸ್ ಹಾಕ್ಸಿದ ಮನಿಯ ವಕೀಲರ ಸೊಸಿನೂ.

"ಖರೇ ಹೇಳು ತಂಗಿ, ಪೊಲೀಸರಿಗೆ ಕಾಗದ ಕಳಸ್ತೀನಿ."
"ಕಳಸ್ರಿ ಅಕ್ಕಾರ.
ಮುಂಜಾನಿ ಎಲ್ಲಿಗೆ ಹೋಗ್ಲಿ, ಅದನ್ನೂ ಬರದು ಕೊಡ್ರಿ.
ಮನಿ ಉತಾರದಾಗ ಮಾವನ ಹೆಸರೈತಿ. ಮಗ್ಗ ಸಾವಕಾರಂದು.
ತವರಿನ ಹೊಲಕ್ಕ ಹಕ್ಕು ಬಿಟ್ಟೇನಂತ
ಅಣ್ಣಗೋಳು ಸೈ ಮಾಡಿಸ್ಕೊಂಡ್ರು,
ಅವತ್ತ ಉಡಿಸಿದ ಸೀರಿನ ಇದು."
ಸೆರಗಿನ ಮ್ಯಾಲೆ ರಕ್ತ ಒಣಗಿತ್ತು.

ನಾ ಏನಂತ ಹೇಳ್ಲಿ?
ನನ್ನ ಪಗಾರ ತಿಂಗಳಾ ತಪ್ಪದ ಬರತೈತಿ,
ಕಾರ್ಡು ನಮ್ಮನಿಯವ್ರ ಪಾಕೀಟಿನಾಗ.
ಬಸ್ಸೇನೋ ಪುಕ್ಕಟ; ಚಾಕ್ಕ ಕೇಳಬೇಕು.

ಅತ್ತಿ ಕೆಮ್ಮಿದ್ಲು. ತಿರುಗಿ ನೋಡಿದೆ:
ಆಕಿ ಹುಬ್ಬಿನ ಮ್ಯಾಲೂ ಒಂದು ಬಿಳಿ ಗೆರಿ,
ಹೊಲಿಗಿ ಕಾಣದ ಹಂಗ ಕೂಡಿದ ಗಾಯ.
ಆವಾಗ ಯಾರೂ ಬರದಿರಲಿಲ್ಲ ಅನಸ್ತೈತಿ.

ಬರದೆ: ಬಚ್ಚಲದಲ್ಲಿ ಜಾರಿ ಬಿದ್ದಿದ್ದು.
ಅದರ ಕೆಳಗ, ಜಾಗಾ ಇಲ್ಲದ ಕಡೆ, ಸಣ್ಣ ಅಕ್ಷರದಾಗ:
ಸದರಿಯವರ ಮನೆಗೆ ಬಚ್ಚಲು ಇರುವುದಿಲ್ಲ.
ಸೈ ಮಾಡಿದೆ. ಕೈ ಒಂಚೂರು ನಡುಗಿತು.

"ಐದನೇ ದಿನಕ್ಕ ಬಾ, ಹೊಲಿಗಿ ಬಿಚ್ಚಬೇಕು."
"ರಾಟಿ ಬಿಟ್ಟು ಕಳಿಸಿದ್ರ ಬರತೀನ್ರಿ,"
ಅಂದು ಅತ್ತಿ ಹಿಂದ ನಡದ್ಲು,
ಆಕಿ ಚೀಲಾನೂ ತಾನ ಹೊತಗೊಂಡು.