ಬೂರೋಸಿನಲ್ಲಿ ಕಲಿತ ಮೊದಲ ವಾಕ್ಯ

ಗಡಿಯಾರ ಬರೆಯಿರಿ ಅಂದರು ಡಾಕ್ಟರು,
ಹನ್ನೊಂದು ಗಂಟೆ ಹತ್ತು ನಿಮಿಷ.
ಅಮ್ಮ ದುಂಡಗೆ ಗೆರೆ ಎಳೆದಳು, ಅಳುಕಿಲ್ಲದೆ,
ಹನ್ನೆರಡೂ ಅಂಕಿಗಳನ್ನು ಬಲಕ್ಕೇ ಒತ್ತಿ ಕೂರಿಸಿದಳು
ಕಿಟಕಿ ಸೀಟಿಗೆ ನುಗ್ಗಿದ ಜನರ ಹಾಗೆ.
ಎಡಗಡೆ ಪೂರಾ ಖಾಲಿ.
ಮುಳ್ಳುಗಳು?
'ಗಂಟೆ ನೋಡೋದು ಮೇಸ್ತ್ರಿ ಕೆಲಸ' ಅಂದಳು.
ನಾವಿಬ್ಬರೂ ನಕ್ಕೆವು.
ಡಾಕ್ಟರು ಏನೋ ಬರೆದುಕೊಂಡರು.

ಪರದೆಯ ಮೇಲೆ ಅವಳ ತಲೆ, ಹೋಳು ಮಾಡಿದ ಕೋಸು.
ಇಲ್ಲಿ ನೋಡಿ, ಕಿವಿಯ ಒಳಬದಿಗೆ, ಕಡಲ್ಗುದುರೆಯಂಥದ್ದು,
ಆ ಕಡೆಗೊಂದು ಈ ಕಡೆಗೊಂದು,
ಎರಡೂ ಬಡಕಲಾಗಿವೆ.
ಇವತ್ತನ್ನು ಹೊತ್ತು ನಾಳೆಗೆ ದಾಟಿಸುವ ಕುದುರೆಗಳಂತೆ.
'ಕಡಲ ಕುದುರೆ ನಾ ಕಂಡವಳಲ್ಲ,
ನಮ್ಮ ಸರೋವರದಲ್ಲಿ ಬೆನ್ನಿಗೆ ಮುಳ್ಳಿರೋ ಮೀನು ಅಷ್ಟೆ.'
ಅಲ್ಲಿಂದ ಹಬ್ಬುತ್ತದೆ, ಅಂದರು ಅವರು,
ಮಾತಿನ ಕಡೆಗೆ, ದಾರಿಯ ಕಡೆಗೆ, ಆಮೇಲೆ ಹಣೆಯ ಕಡೆಗೆ.
ಎಷ್ಟು ವರ್ಷ ಎಂದು ಕೇಳಲು ನಾನು ಬಾಯಿ ತೆರೆದೆ,
ಪಾರ್ಕಿಂಗ್ ಎಷ್ಟಾಯಿತು ಎಂದು ಕೇಳಿದೆ.

ಕೊನೆಗೆ ಬಂದದ್ದು ಮೊದಲು ಹೊರಟಿತು.
ಒಲೆಯೊಳಗೆ ಕಾಫಿ ಡಬ್ಬಿ. ಬಾಗಿಲ ಹೊಸ ಸಂಕೇತಸಂಖ್ಯೆ.
ನನ್ನ ಮಕ್ಕಳು, ಸಣ್ಣವನು ಮೊದಲು.
ತೀರಿಕೊಂಡಿದ್ದ ಅಪ್ಪ ಒಂದು ಮಾರ್ಚಿಯಲ್ಲಿ ಬದುಕಿ ಬಂದ,
ಊಟಕ್ಕೆ ತಡವಾಯಿತೆಂದು ಬೈಸಿಕೊಂಡ.
ಶರತ್ಕಾಲದ ಹೊತ್ತಿಗೆ
ಅವಳು ಅವನನ್ನು ಇನ್ನೂ ಭೇಟಿಯೇ ಆಗಿರಲಿಲ್ಲ.

ಆಮೇಲೆ ಸ್ವೀಡಿಷ್.

ಅರವತ್ತೊಂದರಲ್ಲಿ ತುರ್ಕುವಿನಿಂದ ಹಡಗು ಹತ್ತಿ ಬಂದವಳು ಹಿಲ್ಯಾ,
ಹದಿನೆಂಟು ವರ್ಷ, ಒಂದು ರಟ್ಟಿನ ಪೆಟ್ಟಿಗೆ,
ಬೂರೋಸಿನ ಗಿರಣಿಯಲ್ಲಿ ರಾತ್ರಿ ಪಾಳಿ.
ಮಗುವಿನ ಜೊತೆ ಸ್ವೀಡಿಷೇ ಆಡಿ,
ಎರಡು ನುಡಿ ಬೆರೆತರೆ ನಾಲಗೆ ಕೆಡುತ್ತದೆ
ಎಂದರಂತೆ ಶಾಲೆಯ ಟೀಚರು.
ಅಮ್ಮ ಒಪ್ಪಿದಳು. ನನಗೆ ಗುನಿಲ್ಲಾ ಎಂದು ಹೆಸರಿಟ್ಟಳು.
ಫಿನ್ನಿಷನ್ನು ಭಾನುವಾರದ ಫೋನಿಗೆ ಎತ್ತಿಟ್ಟಳು,
ಬಾಗಿಲು ಹಾಕಿಕೊಂಡು, ತಂಗಿಯ ಜೊತೆ.
ಬಾಗಿಲ ಈಚೆ ನಾನು
ಅರ್ಥವಿಲ್ಲದ ನಗು ಕೇಳುತ್ತಾ ಬೆಳೆದೆ.

ನಮ್ಮ ಮನೆಯ ಮಾತೇ ಹಾಸು ಅಂದುಕೊಂಡಿದ್ದೆ.
ಹೊಕ್ಕಾಗಿತ್ತು ಅದು.
ಎಳೆ ಎಳೆಯಾಗಿ ಜಾರಿ ಬಂತು.
ಚಮಚವನ್ನು ಲುಸಿಕ್ಕ ಅಂದಳು, ಹಿಮವನ್ನು ಲುಮಿ,
ನನ್ನನ್ನು ಏನೂ ಅನ್ನಲಿಲ್ಲ.
ಒಂದೇ ಒಂದು ಸ್ವೀಡಿಷ್ ವಾಕ್ಯ ಉಳಿಯಿತು,
ಗಿರಣಿಯಲ್ಲಿ ಎಲ್ಲಕ್ಕಿಂತ ಮೊದಲು ಕಲಿತದ್ದು:
ಫೋರ್ ಯಾ ಗೋ?
ನಾನು ಹೋಗಬಹುದಾ?

ಮೇಸ್ತ್ರಿ ನಾನೇ. ಕೈಕಟ್ಟಿ ಕೇಳುತ್ತಾಳೆ,
ಮೂತ್ರಕ್ಕೋ, ಮನೆಗೋ, ತುರ್ಕುವಿನ ಹಡಗಿಗೋ.
ಹೋಗು ಹಿಲ್ಯಾ, ಹೋಗು ಅನ್ನುತ್ತೇನೆ.
ಕುರ್ಚಿ ಬಿಟ್ಟು ಏಳುವುದಿಲ್ಲ.
ಮೂರು ವರ್ಷ ಯಾರು ಬೇಡವೆಂದಿದ್ದರೋ.

ಕೈಗಳಿಗೆ ಸುದ್ದಿ ತಡವಾಗಿ ಮುಟ್ಟಿತು.
ಆರೈಕೆಮನೆಯ ಕಂಬಳಿಯ ಅಂಚಿಗೆ
ನೇಕಾರರ ಗಂಟು, ಸಣ್ಣದು, ಬಿಗಿಯಾದದ್ದು,
ದಿನಕ್ಕೆ ನಲವತ್ತು.
ರಾತ್ರಿ ಸೇಯಾ ಕೂತು ಬಿಚ್ಚುತ್ತಿದ್ದಳು,
ಮರುದಿನ ಅಮ್ಮನಿಗೆ ಕೆಲಸ ಇರಲಿ ಎಂದು.
ಒಂದು ಮಂಗಳವಾರ ಅಂಚು ನುಣ್ಣಗಿತ್ತು.
ಸೇಯಾ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಈಗ ಗಂಟಲು.
ನೀರಿಗೂ ಪುಡಿ ಬೆರೆಸಿ ಗಂಜಿ ಮಾಡಬೇಕು,
ತೆಳ್ಳಗಿದ್ದರೆ ದಾರಿ ತಪ್ಪಿ ಶ್ವಾಸಕೋಶಕ್ಕಿಳಿಯುತ್ತದೆ.
ಬಾಯಲ್ಲಿ ಇಟ್ಟುಕೊಂಡೇ ಇರುತ್ತಾಳೆ,
ಮುಂದೇನು ಎಂಬುದು ತಿಳಿಯದೆ.
ಸ್ವೀಡಿಷಿನಲ್ಲಿ ಹೇಳಿ ನೋಡಿದೆ, ಗಲ್ಲ ಸವರಿದೆ,
ನಾನೇ ನುಂಗಿ ತೋರಿಸಿದೆ.
ಉತ್ತರದ ಊರಿನವಳು ಸೇಯಾ,
ನನ್ನ ಕಿವಿಯಲ್ಲಿ ಒಂದು ಪದ ಹೇಳಿಕೊಟ್ಟಳು.

ನಿಯೆಲೆ, ಅಂದೆ.
ಐವತ್ತಾರನೆಯ ವಯಸ್ಸಿನಲ್ಲಿ
ಅಮ್ಮನ ನುಡಿಯಲ್ಲಿ ಅಮ್ಮನಿಗೆ ನಾನಾಡಿದ ಮೊದಲ ಮಾತು.
ಸ್ವರ ಇನ್ನೂ ಎಳೆಯಬೇಕು ಎಂದು ಸೇಯಾ ತಿದ್ದಿದಳು.
ಅಮ್ಮ ತಿದ್ದಲಿಲ್ಲ,
ನುಂಗಿದಳು.